ಸಾವಿರ ಲೀಟರಿನ ಕನಸು, ಒಂದು ಬ್ಯಾರಲ್ಲಿನ ಕೆಲಸ

ಡಿಸೆಂಬರ್ 2024, ಮೊದಲ ವಾರ

ಆಗಸ್ಟಿನ ಒಂದು ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಟ್ರ್ಯಾಕ್ಟರ್ ಗದ್ದೆಯ ನಡುಮಧ್ಯ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಕೆಸರು ಗದ್ದೆಗೆಂದು ಹಾಕುವ ಕಬ್ಬಿಣದ ಚಕ್ರ, ಕೇಜ್‌ವೀಲ್, ಅರ್ಧ ಕೆಸರಿನೊಳಗೆ. ಬೆಳಿಗ್ಗೆ ಮೇಸ್ತ್ರಿ ಬಂದು ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿದರೆ ಮೊದಲು ಸುರಿದದ್ದು ಡೀಸಲ್ ಅಲ್ಲ, ನೀರು. ಹಿಂದಿನ ದಿನ ಮಳೆಯಲ್ಲಿ ಟ್ರ್ಯಾಲಿಯಲ್ಲೇ ಬಿಟ್ಟಿದ್ದ ಕ್ಯಾನಿನ ಮುಚ್ಚಳಕ್ಕೆ ವಾಶರ್ ಇರಲಿಲ್ಲ. ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿದಿದ್ದೆವು, ಅಷ್ಟೇ. ಟ್ಯಾಂಕ್ ಬಸಿದು, ಫಿಲ್ಟರ್ ಎರಡೂ ಬದಲಿಸಿ, ಡೀಸಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆದು ಮತ್ತೆ ಚಾಲೂ ಆಗುವಷ್ಟರಲ್ಲಿ ಎರಡು ದಿನ ಹೋಯಿತು. ಎಂಜಿನ್ನಿಗೆ ಡೀಸಲ್ ಚಿಮ್ಮಿಸುವ ನೋಜಲ್ ಕೆಡದೆ ಉಳಿದದ್ದು ನಮ್ಮ ಪುಣ್ಯ.

ನಮ್ಮದು ಹರಿಹರ ತಾಲ್ಲೂಕು, ಮಲೇಬೆನ್ನೂರಿನ ಕಡೆ, ಭದ್ರಾ ನಾಲೆಯ ಕೊನೆ ಭಾಗ. ಮೇಲಿನವರ ಗದ್ದೆಯಲ್ಲಿ ಪೈರು ಬೇರೂರಿ ಹಸಿರಾದ ಮೇಲೆ ನಮಗೆ ನೀರು. ಬಂದಾಗ ಎಲ್ಲರಿಗೂ ಒಂದೇ ಸಲ. ಎಂಟು ಹತ್ತು ದಿನ ಹಗಲು ರಾತ್ರಿ ಗದ್ದೆ ಕೆಸರು ಮಾಡಬೇಕು. ಆ ದಿನಗಳಲ್ಲೇ 14 ಕಿಲೋಮೀಟರ್ ದೂರದ ಬಂಕಿನಲ್ಲಿ ಉದ್ದ ಸಾಲು, ಒಮ್ಮೊಮ್ಮೆ ‘ಸ್ಟಾಕ್ ಇಲ್ಲ’ ಬೋರ್ಡು. ಡೀಸಲ್ ಮನೆಯಲ್ಲೇ ಇಡಬೇಕು, ನೆಟ್ಟಗೆ ಇಡಬೇಕು. ಈ ಬೇಸಿಗೆ ಬೆಳೆಯೊಳಗೆ ಆ ಕೆಲಸ ಮುಗಿಸುವುದು ಎಂದು ತೀರ್ಮಾನ.

ಯೋಜನೆ: ಗುಜರಿಯವನ ಹತ್ತಿರ ಸಿಗುವ, ಸುತ್ತ ಕಬ್ಬಿಣದ ಪಂಜರ ಇರುವ 1,000 ಲೀಟರಿನ ಬಿಳಿ ಪ್ಲಾಸ್ಟಿಕ್ ಟ್ಯಾಂಕ್. ಕಾನೂನೇನಾದರೂ ಅಡ್ಡ ಬರುತ್ತದೋ ಎಂದು 1934ರ ಪೆಟ್ರೋಲಿಯಂ ಕಾಯ್ದೆ ಹುಡುಕಿ ಓದಿದೆ. ಡೀಸಲ್ ಅದರಲ್ಲಿ ‘ಬಿ’ ದರ್ಜೆ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ, ಒಂದೊಂದು ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಲೈಸೆನ್ಸ್ ಬೇಡ. ಪೆಟ್ರೋಲ್ ಹಾಗಲ್ಲ. ಅದು ‘ಎ’ ದರ್ಜೆ, ಮಾರಾಟಕ್ಕಲ್ಲದೆ ಇಟ್ಟುಕೊಳ್ಳುವುದಾದರೆ 30 ಲೀಟರಿಗೆ ಮುಗಿಯಿತು. ನನ್ನ ಟ್ಯಾಂಕು ಸರಿಯಾಗಿ ಗೆರೆಯ ಮೇಲೆ ನಿಲ್ಲುತ್ತದೆ ಎಂದು ಹಿಗ್ಗಿದೆ.

ಡಿಸೆಂಬರ್ 15

ಹಿಗ್ಗು ಇಳಿದಿದೆ. ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮದು 45 ಎಚ್‌ಪಿ ಗಾಡಿ. ಗದ್ದೆಯನ್ನು ಎರಡು ಸಲ ಕೆಸರು ಹೊಡೆದರೂ ಎಕರೆಗೆ 12 ಲೀಟರ್ ದಾಟುವುದಿಲ್ಲ. ನಮ್ಮ 7 ಎಕರೆ, ಅಣ್ಣನ 5 ಎಕರೆ, ಒಟ್ಟು 144 ಲೀಟರ್. ಅಕ್ಕಪಕ್ಕದವರ ಒಂದೆರಡು ಗದ್ದೆ ಸೇರಿಸಿದರೂ 200. ಉಳಿದ 800 ಲೀಟರನ್ನು ನಾನು ಯಾರಿಗಾಗಿ ಇಡುತ್ತಿದ್ದೇನೆ? ಲೀಟರಿಗೆ 90 ರೂಪಾಯಿಯಂತೆ ತುಂಬಿಸಲು 90,000 ಬೇಕು ಅನ್ನುವುದು ಬೇರೆ ಮಾತು.

ಇನ್ನೊಂದು ವಿಷಯ ಮೇಸ್ತ್ರಿ ಹೇಳಿದ್ದು. ಅರೆಬರೆ ಖಾಲಿ ಇರುವ ದೊಡ್ಡ ಟ್ಯಾಂಕು ಹಗಲು ಬಿಸಿಗೆ ಗಾಳಿ ಹೊರಹಾಕಿ ರಾತ್ರಿ ತಣ್ಣಗಾದಾಗ ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ತೇವ ಬರುತ್ತದೆ. ಒಳಗೋಡೆಯಲ್ಲಿ ಬೆವರಿ ತಳಕ್ಕಿಳಿಯುತ್ತದೆ, ನೀರು ಡೀಸಲ್‌ಗಿಂತ ಭಾರ. ನೀರು ಮತ್ತು ಡೀಸಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಕಪ್ಪು ಪದರ ಕಟ್ಟುತ್ತವೆ, ಫಿಲ್ಟರ್ ಕಟ್ಟಿಕೊಳ್ಳುವುದು ಅದರಿಂದ. ಜೊತೆಗೆ ಬಿಳಿ ಪ್ಲಾಸ್ಟಿಕ್ಕಿನ ಮೂಲಕ ಬಿಸಿಲು ಒಳಹೊಕ್ಕು ಡೀಸಲ್ ಬೇಗ ಹಳಸುತ್ತದೆ. ಆರು ತಿಂಗಳಲ್ಲಿ ಖಾಲಿಯಾಗದಷ್ಟು ಡೀಸಲ್ ಇಡುವುದೇ ತಪ್ಪು ಎಂದು ಅವರ ಮಾತು. ಅವರ ಮಾತಿಗೆ ಉತ್ತರ ಹುಡುಕಿದೆ, ಸಿಗಲಿಲ್ಲ.

ಟ್ಯಾಂಕು ಬಿಟ್ಟೆ. ಒಂದು 210 ಲೀಟರಿನ ಬ್ಯಾರಲ್ಲು ಸಾಕು.

ಡಿಸೆಂಬರ್ 22

ಬ್ಯಾರಲ್ಲು ಬಂತು. ಎಂಜಿನ್ ಆಯಿಲ್ ಇದ್ದದ್ದು, ಒಳಗೆ ತುಕ್ಕಿಲ್ಲ. ಗುಜರಿಯಲ್ಲಿ ಔಷಧಿ, ಕೆಮಿಕಲ್ ತುಂಬಿದ್ದ ಬ್ಯಾರಲ್ಲುಗಳು ಅರ್ಧ ಬೆಲೆಗೆ ಇದ್ದವು. ಅವುಗಳ ತಂಟೆಗೆ ಹೋಗಲಿಲ್ಲ. ತೊಳೆಯಲು ನೀರು ಬೇಡ, 5 ಲೀಟರ್ ಡೀಸಲ್ ಹಾಕಿ ಉರುಳಿಸಿ ಬಸಿದೆ. ಆ ಡೀಸಲ್ ಈಗ ಸರಪಳಿ, ಬೋಲ್ಟು ತೊಳೆಯಲು.

ತಳದಲ್ಲಿ ನೀರು ಬಸಿಯುವುದಕ್ಕೆ ಒಂದು ನಲ್ಲಿ ಬೆಸುಗೆ ಹಾಕಿಸಬೇಕು ಎಂದುಕೊಂಡು ವೆಲ್ಡಿಂಗ್ ಅಂಗಡಿಗೆ ಒಯ್ದೆ. ಆತ ಬ್ಯಾರಲ್ಲನ್ನು ಒಳಗೂ ಬಿಟ್ಟುಕೊಳ್ಳಲಿಲ್ಲ. “ಅಣ್ಣಾ, ತುಂಬಿದ ಬ್ಯಾರಲ್ಲಿಗಿಂತ ಖಾಲಿ ಬ್ಯಾರಲ್ಲು ಕೆಟ್ಟದ್ದು. ಮೊದ್ಲು ರಸ್ತೆ ಮೇಲೆ ಇಡ್ರಿ” ಅಂದ. ಒಳಗೆ ಉಳಿದ ಆವಿಗೆ ಬೆಸುಗೆಯ ಕಿಡಿ ತಾಗಿದರೆ ಮುಚ್ಚಳವೇ ಗುಂಡಿನಂತೆ ಹಾರುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ. ಬರುವ ದಾರಿಯಲ್ಲಿ ಟ್ರ್ಯಾಲಿಯಲ್ಲಿ ಕೂತು ಬೀಡಿ ಹಚ್ಚಲು ಹೊರಟ ನಮ್ಮ ಹುಡುಗನಿಗೆ ನಾನು ಬೈದದ್ದು, ಅರ್ಧ ನನಗೇ ಬೈದುಕೊಂಡದ್ದು.

ನಲ್ಲಿ ಇಲ್ಲದಿರುವುದೇ ಒಳ್ಳೆಯದು ಎಂದು ಆಮೇಲೆ ಅನ್ನಿಸಿತು. ನಲ್ಲಿ ಒಂದು ರಾತ್ರಿ ಸಡಿಲವಾದರೆ ಬೆಳಿಗ್ಗೆಗೆ ಇಡೀ ಬ್ಯಾರಲ್ಲು ನೆಲಕ್ಕೆ. ಮೇಲಿನಿಂದ ಕೈಪಂಪಿನಲ್ಲಿ ತಿರುಗಿಸಿ ತೆಗೆದರೆ ಆ ಭಯವಿಲ್ಲ.

ಜನವರಿ 2025, ಸಂಕ್ರಾಂತಿ ಹೊತ್ತು

ಜಾಗ ಹುಡುಕುವುದಕ್ಕೆ ಒಂದು ವಾರ ಹೋಯಿತು. ನಗಬೇಡಿ. ಕೊಟ್ಟಿಗೆಯ ಪಕ್ಕ ಹುಲ್ಲಿನ ಬಣವೆ. ಹಿತ್ತಲಲ್ಲಿ ಅವ್ವನ ನೀರೊಲೆ. ಬೋರ್‌ವೆಲ್ ಮನೆಯಲ್ಲಿ ಸ್ಟಾರ್ಟರ್, ಒತ್ತಿದಾಗಲೆಲ್ಲ ಚಟ್ ಎಂದು ಕಿಡಿ. ಬಾವಿಯ ಹತ್ತಿರ ಇಟ್ಟು ಸೋರಿದರೆ ಕುಡಿಯುವ ನೀರೇ ಹೋಯಿತು. ಕೊನೆಗೆ ಟ್ರ್ಯಾಕ್ಟರ್ ಶೆಡ್ಡಿನ ಉತ್ತರದ ಗೋಡೆಗೆ ಹೊರಗಿನಿಂದ ಒಂದು ಇಳಿಜಾರು ತಗಡು ಹಾಕಿ, ಕೆಳಗೆ ಸಿಮೆಂಟು ಕಟ್ಟೆ ಕಟ್ಟಿಸಿದೆ. ಉತ್ತರ ಯಾಕೆಂದರೆ ಬಿಸಿಲು. ನಮ್ಮ ದೇಶದ ಡೀಸಲ್ಲಿಗೆ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇರಬೇಕೆಂದು ಮಾನಕ. ಅಂದರೆ ಅದಕ್ಕಿಂತ ಬಿಸಿಯಾದರೆ ಕಿಡಿಗೆ ಹತ್ತುವಷ್ಟು ಆವಿ ಏಳಬಹುದು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ತಗಡಿನ ಬ್ಯಾರಲ್ಲು ಎಷ್ಟು ಕಾಯುತ್ತದೆ ಎಂದು ಕೈಯಿಟ್ಟು ನೋಡಿದವರಿಗೆ ಗೊತ್ತು. ‘ಡೀಸಲ್ಲಿಗೆ ಬೆಂಕಿ ಹತ್ತಲ್ಲ’ ಅನ್ನುವ ನಮ್ಮ ಊರ ಮಾತು ಚಳಿಗಾಲದ ಮಾತು.

ಕಟ್ಟೆಯ ಸುತ್ತ ಒಂದು ಗೇಣು ಎತ್ತರದ ಅಂಚು, ಒಳಗೆ ಮರಳು. ಎರಡು ಬಕೆಟ್ ಮರಳು ಪಕ್ಕಕ್ಕೆ, ಗೋಡೆಗೆ 6 ಕಿಲೋ ಪೌಡರಿನ ಬೆಂಕಿ ನಂದಿಸುವ ಸಿಲಿಂಡರ್. ಎಣ್ಣೆಯ ಬೆಂಕಿಗೆ ನೀರು ಎರಚಿದರೆ ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಊರಿಗೆಲ್ಲ ಹಂಚುತ್ತದೆ ಎಂದು ಮನೆಯವರಿಗೆಲ್ಲ ಹೇಳಿದ್ದಾಯಿತು.

ಬ್ಯಾರಲ್ಲನ್ನು ಒಂದು ಬದಿ ಸ್ವಲ್ಪ ತಗ್ಗಿಸಿ ನಿಲ್ಲಿಸಿದ್ದೇನೆ. ನೀರು, ಕಸ ತಗ್ಗಿನ ಬದಿಗೆ ಸೇರಲಿ ಎಂದು. ಪಂಪಿನ ಪೈಪು ಎತ್ತರದ ಬದಿಯಲ್ಲಿ, ತಳದಿಂದ ಎರಡು ಇಂಚು ಮೇಲೆ ನಿಲ್ಲುತ್ತದೆ. ಪಂಪಿನ ಹೊರಬಾಯಿಗೆ ನೀರು ಬೇರ್ಪಡಿಸುವ ಫಿಲ್ಟರ್. ಅಪ್ಪನ ಕಾಲದಲ್ಲಿ ಲಾಳಿಕೆಗೆ ಹಳೇ ಪಂಚೆ ತುಂಡು ಹಾಸುತ್ತಿದ್ದೆವು. ಅದು ಮಣ್ಣು ಹಿಡಿಯುತ್ತದೆ, ನೀರು ಹಿಡಿಯುವುದಿಲ್ಲ. ಮೇಲಾಗಿ ತನ್ನ ನೂಲನ್ನೂ ಕೊಡುತ್ತದೆ. ಅಪ್ಪ ಬಾಯಿಂದ ಎಳೆದು ಪೈಪಿನಲ್ಲಿ ಡೀಸಲ್ ಇಳಿಸುತ್ತಿದ್ದರು, ನಾನೂ ಎಳೆದಿದ್ದೇನೆ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಬರುವ ನ್ಯುಮೋನಿಯಾ ಸುಲಭದ್ದಲ್ಲ. ನುಂಗಿದವರಿಗೆ ವಾಂತಿ ಮಾಡಿಸುವುದಂತೂ ಇನ್ನೂ ಅಪಾಯ, ಮತ್ತೊಮ್ಮೆ ಅದೇ ದಾರಿಯಲ್ಲಿ ಪುಪ್ಪುಸಕ್ಕೆ ಇಳಿಯುತ್ತದೆ. ಪಂಪು ಬಂದ ದಿನ ಆ ಹಳೇ ಪೈಪು ಕತ್ತರಿಸಿ ಟೊಮ್ಯಾಟೊ ಗಿಡ ಕಟ್ಟಲು ಕೊಟ್ಟೆ.

ಒಂದು ತಪ್ಪು: ಪಂಪಿಗೆ ಜಿಐ ಎಲ್ಬೋ, ಅಂದರೆ ಸತು ಲೇಪಿಸಿದ ಕಬ್ಬಿಣದ ಬಾಗು ಪೈಪಿನ ತುಂಡು, ಹಾಕಿದ್ದೆ, ಮನೆಯಲ್ಲಿ ಇತ್ತಲ್ಲ ಎಂದು. ಮೇಸ್ತ್ರಿ ನೋಡಿ ಬಿಚ್ಚಿಸಿದರು. ಸತುವಿನ ಲೇಪ ಡೀಸಲ್ ಜೊತೆ ಕೂಡಿ ನೋಜಲ್ಲಿಗೆ ಅಂಟುವ ಕೆಸರು ಮಾಡುತ್ತದಂತೆ. ಬರೀ ಕಬ್ಬಿಣದ್ದು ಹಾಕಿದೆ.

ಜನವರಿ 24

ಸಾಗಣೆ. ಮೊದಲು ಬ್ಯಾರಲ್ಲನ್ನೇ ಟ್ರ್ಯಾಲಿಯಲ್ಲಿ ಒಯ್ದು ತುಂಬಿಸಿ ತರುವ ಯೋಚನೆ. 200 ಲೀಟರ್ ಡೀಸಲ್ ಸುಮಾರು 166 ಕಿಲೋ, ಬ್ಯಾರಲ್ಲಿನ ತೂಕ ಬೇರೆ. ಇಳಿಸುವಾಗ ಹಲಗೆ ಜಾರಿದರೆ ಕಾಲು ಮುರಿಯುವುದು ಒಂದು, ಬ್ಯಾರಲ್ಲು ಸೀಳುವುದು ಇನ್ನೊಂದು. ಹೀಗಾಗಿ ಬ್ಯಾರಲ್ಲು ಕಟ್ಟೆ ಬಿಟ್ಟು ಅಲ್ಲಾಡಬಾರದು, ಓಡಾಡುವುದು ಕ್ಯಾನು ಮಾತ್ರ ಎಂದು ನಿಯಮ.

35 ಲೀಟರಿನ ದಪ್ಪ ಕ್ಯಾನು ನಾಲ್ಕು, ಹೊಸ ವಾಶರಿನೊಡನೆ. ಹಳದಿ ಬಣ್ಣದಲ್ಲಿ ‘ಡೀ’ ಎಂದು ದೊಡ್ಡದಾಗಿ ಬರೆದಿದ್ದೇನೆ. ಸ್ಪ್ರೇಯರಿನ ಪೆಟ್ರೋಲ್ ಕ್ಯಾನು ಬೇರೆಯೇ ಕೋಣೆಯಲ್ಲಿ. ಡೀಸಲ್ಲಿಗೆ ಸ್ವಲ್ಪ ಪೆಟ್ರೋಲ್ ಬೆರೆತರೂ ಆ 35 ಡಿಗ್ರಿಯ ಲೆಕ್ಕ ತಲೆಕೆಳಗು. ಟ್ರ್ಯಾಲಿಯ ಮುಂಭಾಗಕ್ಕೆ ಮರದ ಪಟ್ಟಿ ಹೊಡೆದು ನಾಲ್ಕು ಮನೆ ಮಾಡಿದೆವು, ಕ್ಯಾನು ನಿಂತೇ ಬರುತ್ತವೆ. ಬೈಕಿನಲ್ಲಿ ಕಾಲ ನಡುವೆ ಕ್ಯಾನಿಟ್ಟು ತರುವುದು ನಮ್ಮಲ್ಲಿ ದಿನಾ ಕಾಣುವ ನೋಟ. 35 ಲೀಟರ್ ಎಂದರೆ ಹತ್ತಿರ ಹತ್ತಿರ 30 ಕಿಲೋ, ಹಂಪ್ ಹತ್ತಿ ಇಳಿಯುವಾಗ ಹ್ಯಾಂಡಲ್ ಕೈಯಲ್ಲಿ ಇರುವುದಿಲ್ಲ. ಮಾಡಿ ನೋಡಿದವನ ಮಾತು ಇದು.

ಬಂಕಿನ ಹುಡುಗ ಟ್ರ್ಯಾಲಿಯ ಮೇಲಿದ್ದಂತೆಯೇ ತುಂಬಿಸಲು ಬಂದ. ಕ್ಯಾನು ಕೆಳಗಿಳಿಸಿ ನೆಲದ ಮೇಲಿಟ್ಟು, ನಳಿಗೆಯ ತುದಿ ಬಾಯಿಗೆ ತಾಗಿಸಿ ತುಂಬಿಸಲು ಹೇಳಿದೆ. ಪ್ಲಾಸ್ಟಿಕ್ಕಿನಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಕಿಡಿಯಾಗದೆ ಹರಿದುಹೋಗಲು ನೆಲ ಬೇಕು. ಅವನು ಹಿಂದಿನ ಸಾಲು ತೋರಿಸಿ ಮುಖ ಗಂಟಿಕ್ಕಿದ. 5 ಲೀಟರಿನ ಅಳತೆ ಪಾತ್ರೆ ಕೇಳಿದಾಗ ಇನ್ನೂ ಗಂಟಾಯಿತು. ಆದರೆ ಆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕಾದದ್ದು, ಗ್ರಾಹಕ ಕೇಳಿದರೆ ತೋರಿಸಬೇಕಾದದ್ದು. ಅಳತೆ ಸರಿಯಿತ್ತು, ಅದನ್ನೂ ಹೇಳಬೇಕು. ಕ್ಯಾನಿಗೆ 33 ಲೀಟರ್ ಮಾತ್ರ. ಬ್ಯಾರಲ್ಲನ್ನೂ ಕಂಠಮಟ್ಟ ತುಂಬಿಸಲಿಲ್ಲ. 15 ಡಿಗ್ರಿ ಬಿಸಿ ಏರಿದರೆ 200 ಲೀಟರ್ ಡೀಸಲ್ ಎರಡೂವರೆ ಲೀಟರಿನಷ್ಟು ಹಿಗ್ಗುತ್ತದೆ.

ಫೆಬ್ರವರಿ 11

ನೀರು ಬಂತು, ಕೆಸರಾಯಿತು, ನಾಟಿ ನಡೆದಿದೆ. ಟ್ರ್ಯಾಕ್ಟರ್ ಒಂದು ಸಲವೂ ನಿಲ್ಲಲಿಲ್ಲ. ಆದರೆ ಬರೆಯಬೇಕಾದದ್ದು ಅದಲ್ಲ.

ತೇಗದ ಒಂದು ಪಟ್ಟಿಗೆ ಗುರುತು ಹಾಕಿ ಅಳತೆಕೋಲು ಮಾಡಿದ್ದೆ. ನಮ್ಮ ಬ್ಯಾರಲ್ಲಿನಲ್ಲಿ ಒಂದು ಸೆಂಟಿಮೀಟರಿಗೆ ಎರಡೂವರೆ ಲೀಟರ್. ಪಂಪಿನ ಪಕ್ಕ ಒಂದು ನೋಟ್‌ಬುಕ್ಕು: ಎಷ್ಟು ತೆಗೆದದ್ದು, ಗಾಡಿಯ ಅವರ್ ಮೀಟರಿನಲ್ಲಿ ಎಂಜಿನ್ ಓಡಿದ ಗಂಟೆ ಎಷ್ಟು. ಹನ್ನೆರಡನೇ ದಿನ ಪುಸ್ತಕಕ್ಕೂ ಕೋಲಿಗೂ 8 ಲೀಟರ್ ವ್ಯತ್ಯಾಸ. ರಾತ್ರಿ ಗಾಡಿ ಓಡಿಸುವವನು ನಮ್ಮ ಡ್ರೈವರ್, ಆರು ವರ್ಷದಿಂದ ಇದ್ದಾನೆ. ನಾನು ಬಾಯಿಬಿಟ್ಟು ಕಳ್ಳ ಅನ್ನಲಿಲ್ಲ, ಆದರೆ ಬೀಗದ ಕೈ ಇಸಿದುಕೊಂಡೆ. ಅವನಿಗೆ ಅರ್ಥವಾಯಿತು. ಎರಡು ದಿನ ‘ಹೂಂ’ ಅನ್ನುವುದು ಬಿಟ್ಟು ಮಾತಿಲ್ಲ.

ಮೂರನೇ ದಿನ ಅವನೇ ಕರೆದ. “ಅಣ್ಣಾ, ಇಲ್ಲಿ ಕೈ ಹಾಕಿ ನೋಡ್ರಿ.” ಬ್ಯಾರಲ್ಲಿನ ಹಿಂಬದಿಯ ಮರಳು ಒದ್ದೆ, ಕಪ್ಪು. ಪಂಪಿನಲ್ಲಿ ಹಿಡಿಕೆ ತಿರುಗುವ ಜಾಗದ ಪ್ಯಾಕಿಂಗ್ ಸಡಿಲವಾಗಿ, ಪ್ರತಿ ಸಲ ತಿರುಗಿಸಿದಾಗ ಹಿಂದಿನಿಂದ ಹನಿ ಇಳಿಯುತ್ತಿತ್ತು. ಮುಂದೆ ನಿಂತವರಿಗೆ ಕಾಣುವುದಿಲ್ಲ. ಎರಡು ಸುತ್ತು ಬಿಗಿದರೆ ನಿಂತಿತು. ಬೀಗದ ಕೈ ವಾಪಸ್ ಕೊಟ್ಟೆ. ಅವತ್ತು ಅವನು ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ, ಮರುದಿನ ಮಾಡಿದ.

ಏಪ್ರಿಲ್ 3

ಒಂದನೇ ತಾರೀಕಿನಿಂದ ರಾಜ್ಯದ ಮಾರಾಟ ತೆರಿಗೆ ಏರಿ ಡೀಸಲ್ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಅಣ್ಣ ಕಟ್ಟೆಗೆ ಬಂದು ನಕ್ಕ. “ಸಾವಿರ ಲೀಟರ್ ತುಂಬ್ಸಿಟ್ಟಿದ್ರೆ ಎರಡು ಸಾವಿರ ಉಳೀತಿತ್ತಲ್ಲೋ.” 90,000 ರೂಪಾಯಿಗೆ ಊರ ಬಡ್ಡಿ ನೂರಕ್ಕೆ ಎರಡರಂತೆ ಮೂರು ತಿಂಗಳಿಗೆ 5,400 ಆಗುತ್ತಿತ್ತು ಎಂದೆ. ಅವನು ಬೆಳೆ ಸಾಲದ ಮಾತಿಗೆ ಹೊರಳಿದ.

ಜೂನ್ ಮೊದಲ ವಾರ

ಕೊಯ್ಲು ಮುಗಿದು, ಭತ್ತ ಸಾಗಿಸಿದ್ದೂ ಆಯಿತು. ಬಂಕಿನವನು (ಈಗ ಸ್ವಲ್ಪ ಸಲಿಗೆ) ನೀರು ತಾಗಿದರೆ ಕೆಂಪಾಗುವ ಪರೀಕ್ಷೆಯ ಪೇಸ್ಟು ಒಂದು ಚಿಟಿಕೆ ಕೊಟ್ಟಿದ್ದ. ಕೋಲಿನ ತುದಿಗೆ ಹಚ್ಚಿ ತಗ್ಗಿನ ಬದಿಯಲ್ಲಿ ಇಳಿಸಿದೆ. ತುದಿಯ ಒಂದು ಕೂದಲೆಳೆಯಷ್ಟು ಕೆಂಪಾಯಿತು. ಸಣ್ಣ ಪೈಪು ಇಳಿಸಿ ಅದೇ ಮೂಲೆಯಿಂದ ಗಾಜಿನ ಬಾಟಲಿಗೆ ಎಳೆದೆವು, ಈ ಸಲ ಪಂಪಿನಲ್ಲಿ. ತಳದಲ್ಲಿ ಎರಡು ಚಮಚ ನೀರು, ನಡುವೆ ಕಂದು ಗೆರೆ, ಮೇಲೆ ತಿಳಿಯಾದ ಡೀಸಲ್. ತಗಡಿನ ಕೆಳಗೆ, ಬಿಗಿ ಮುಚ್ಚಳದೊಳಗೆ, ನಾಲ್ಕೇ ತಿಂಗಳಲ್ಲಿ ಇಷ್ಟು. ಹೆಚ್ಚಿನದು ಗಾಳಿಯಿಂದ ಬಂದದ್ದಿರಬೇಕು.

ಉಳಿದದ್ದನ್ನು ಒಣ ಉಳುಮೆಗೆ ಖರ್ಚು ಮಾಡಿ, ಬ್ಯಾರಲ್ಲು ಪೂರ್ತಿ ಬಸಿದು ಒರೆಸಿ, ಮಳೆಗಾಲದ ನೀರು ಬಿಡುವ ಸುದ್ದಿ ಬಂದ ಮೇಲೆ ಹೊಸದಾಗಿ ತುಂಬಿಸುವುದು. ಪುಸ್ತಕ ಈಗ ಡ್ರೈವರನದೇ ಜವಾಬ್ದಾರಿ. ನಿನ್ನೆಯ ಸಾಲು ಅವನ ಕೈಬರಹದಲ್ಲಿದೆ: ‘ತಳ 28 ಲೀಟರ್. ಎರಡು ಕ್ಯಾನಿಗೆ ವಾಶರ್ ಸವೆದಿದೆ, ತರಬೇಕು.’