ಸಕ್ಕರೆ ಕಾಯಿಲೆಗೆಂದು ಬಂದ 25 ಎಲೆಗಳು

2024 ಜೂನ್ 18, ಮಂಗಳವಾರ

ಬೆಳಿಗ್ಗೆ ಗೆಳತಿಯ ಫೋನ್. ಅವಳ ಅಮ್ಮನಿಗೆ ಸಕ್ಕರೆ ಕಾಯಿಲೆ. ನಿತ್ಯಪುಷ್ಪದ ಎಲೆಯ ರಸ ಕುಡಿಸಬಹುದಾ ಅಂತ ಕೇಳಿದಳು. ಬೇಡವೇ ಬೇಡ ಅಂದೆ. ಫೋನ್ ಇಟ್ಟ ಮೇಲೂ ಆ ಗಿಡ ಮನಸ್ಸಿನಿಂದ ಹೋಗಲಿಲ್ಲ.

1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಇದೇ ಗಿಡದ 25 ಎಲೆಗಳು ಬಂದವು. ಅಲ್ಲಿ ಇನ್ಸುಲಿನ್ ಸಿಗದಾಗ ಜನ ಇದರ ಕಷಾಯ ಕುಡಿಯುತ್ತಿದ್ದರಂತೆ. ಕ್ಲಾರ್ಕ್ ಅವನ್ನು ಸಂಶೋಧಕರಾಗಿದ್ದ ಸಹೋದರ ರಾಬರ್ಟ್‌ಗೆ ಕಳಿಸಿದರು. ಪ್ರಾಣಿಗಳಿಗೆ ಬಾಯಿಂದ ಕೊಟ್ಟರೆ ರಕ್ತದ ಸಕ್ಕರೆ ಇಳಿಯಲೇ ಇಲ್ಲ. ಚುಚ್ಚಿ ಕೊಟ್ಟರೆ ಸೋಂಕು ತಗುಲಿ ಸತ್ತವು. ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗಿದ್ದವು. ಬೇರೆಯವರಾದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ರಾಬರ್ಟ್ ಮಾತ್ರ, ಬಿಳಿ ಕಣ ಮಿತಿಮೀರಿ ಬೆಳೆಯುವ ರಕ್ತ ಕ್ಯಾನ್ಸರ್‌ಗೆ ಇದೇ ಮದ್ದಾಗಬಹುದಲ್ವಾ ಅಂತ ಯೋಚಿಸಿದರು. ರಸಾಯನ ವಿಜ್ಞಾನಿ ಚಾರ್ಲ್ಸ್ ಬಿಯರ್ ಜೊತೆ ಸೇರಿ ವಿನ್‌ಬ್ಲಾಸ್ಟಿನ್ ಎಂಬ ಔಷಧಿಯನ್ನು ಎಲೆಯಿಂದ ಬೇರ್ಪಡಿಸಿದರು. 1958ರಲ್ಲಿ ಸುದ್ದಿ ಹೊರಬಂತು. ಇದೇ ಗಿಡದ ಇನ್ನೊಂದು ಔಷಧಿ ವಿನ್‌ಕ್ರಿಸ್ಟಿನ್, ಇವತ್ತಿಗೂ ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ.

ಗಿಡ ಇದನ್ನು ಕಟ್ಟುವುದು ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದಿಂದ. ನಮ್ಮ ಪ್ರೋಟೀನ್‌ಗಳಲ್ಲೂ ಇರುವ ಅದೇ ಟ್ರಿಪ್ಟೋಫಾನ್! ವಿನ್‌ಕ್ರಿಸ್ಟಿನ್ ಜೊತೆ ಕೊಡುವ ಆಸ್ಪರಜಿನೇಸ್ ಕೆಲಸ ಮಾಡುವುದೂ ಅಮೈನೋ ಆಮ್ಲದ ಮೇಲೆಯೇ. ಆಸ್ಪರಜಿನ್ ಎಂಬ ಆ ಅಮೈನೋ ಆಮ್ಲವನ್ನು ನಮ್ಮ ಬಹುತೇಕ ಜೀವಕೋಶಗಳು ತಾವೇ ಮಾಡಿಕೊಳ್ಳುತ್ತವೆ. ಈ ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಸಾಲದು, ರಕ್ತದಿಂದಲೇ ಎಳೆದುಕೊಳ್ಳಬೇಕು. ಔಷಧಿ ರಕ್ತದಲ್ಲಿರುವ ಆಸ್ಪರಜಿನ್ ಅನ್ನೆಲ್ಲ ಒಡೆದುಹಾಕುತ್ತದೆ. ಅವು ಹಸಿದು ಸಾಯುತ್ತವೆ. ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ವಿನ್‌ಕ್ರಿಸ್ಟಿನ್ ಪ್ರಮಾಣ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟುವುದಿಲ್ಲ. ಜಾಸ್ತಿಯಾದರೆ ನರಗಳೇ ಹಾಳು. ಈ ಗಿಡದಲ್ಲಿ ಇಂಥ ಪ್ರಬಲ ರಾಸಾಯನಿಕಗಳು, ಅಂದರೆ ಆಲ್ಕಲಾಯ್ಡ್‌ಗಳು ನೂರಕ್ಕೂ ಹೆಚ್ಚು. ಯಾವುದು ಎಷ್ಟಿದೆ ಅಂತ ಅಳೆಯದೆ ಸುಮ್ನೆ ಎಲೆ ಅರೆದು ಕುಡಿಸುವುದು ಹೇಗೆ?

ಸಂಜೆ ನಾನೇ ಮತ್ತೆ ಫೋನ್ ಮಾಡಿದೆ. ಅವಳ ಅಮ್ಮ ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವುದು ಮೆಟ್‌ಫಾರ್ಮಿನ್. ಅದರ ಮೂಲವೂ ಒಂದು ಗಿಡವೇ, ಗಲೇಗಾ. ಅದರಲ್ಲಿನ ಗಲೇಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷವಾಗಿತ್ತು. ಅದೇ ಜಾತಿಯ ರಾಸಾಯನಿಕಗಳಲ್ಲಿ ಹುಡುಕುತ್ತಾ ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಮದ್ದಾಗಿ ಮನುಷ್ಯರಿಗೆ ತಲುಪಿದ್ದು 1957ರಲ್ಲಿ, ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅವರಿಂದ. ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಮ್ಮ ಈಗಾಗಲೇ ಗಿಡದ ಮದ್ದೇ ತಗೊಳ್ತಿದ್ದಾರೆ ಅಂತ ಹೇಳ್ತೀನಿ" ಅಂದಳು.