ಅಮ್ಮನ ಜೊತೆ ಶಿಯಾನ್‌ನಲ್ಲಿ ನಾಲ್ಕು ದಿನ

ಚೀನಾಕ್ಕೆ ಹೊರಟಿದ್ದೇವೆ ಅಂದಾಗ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಬೀಜಿಂಗಾ, ಶಾಂಘೈಯಾ? ಅಮ್ಮ ಅಲ್ಲಿ ಏನು ತಿನ್ನುತ್ತಾಳೆ? ಮೊದಲನೆಯದಕ್ಕೆ ಉತ್ತರ ಎರಡೂ ಅಲ್ಲ, ಚೀನಾದ ಹಳೇ ರಾಜಧಾನಿ ಶಿಯಾನ್. ಎರಡನೆಯದಕ್ಕೆ ವಿಮಾನ ಹತ್ತುವವರೆಗೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾನು, ಹೆಂಡತಿ ಸಿಕ್ಕಿದ್ದು ತಿನ್ನುವವರು. ಅಮ್ಮ ಮೊಟ್ಟೆಯನ್ನೂ ಮುಟ್ಟುವವಳಲ್ಲ.

ಬೀಜಿಂಗ್ ನಾಲ್ಕು ದಿನಕ್ಕೆ ತುಂಬಾ ದೊಡ್ಡದು. ಶಿಯಾನ್ ಕೂಡ ದೊಡ್ಡ ಊರೇ, ಆದರೆ ನೋಡಬೇಕಾದ್ದು ಬಹುಪಾಲು ಹಳೇ ಕೋಟೆಯ ಒಳಗೂ ಅದರ ಆಸುಪಾಸಿನಲ್ಲೂ ಇದೆ. ದೂರ ಹೋಗಬೇಕಾದ್ದು ಮಣ್ಣಿನ ಸೈನಿಕರನ್ನು, ಅಂದರೆ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯ ಕಾವಲಿಗೆ ಹೂತಿಟ್ಟ ಮೂರ್ತಿಗಳನ್ನು, ನೋಡಲು ಮಾತ್ರ. ರೂಮನ್ನು ಕೋಟೆಯೊಳಗೆ, ಗಂಟೆ ಗೋಪುರದ ಹತ್ತಿರ ಹಿಡಿಯಿರಿ. ನೂರಿನ್ನೂರು ಯುವಾನ್ ಜಾಸ್ತಿಯಾದರೂ ಪರವಾಗಿಲ್ಲ. ಸಂಜೆ ಅಮ್ಮನಿಗೆ ಕಾಲು ನೋವು ಬಂದರೆ ಹತ್ತೇ ನಿಮಿಷಕ್ಕೆ ರೂಮು ಸೇರಬಹುದು. ನಾವು ಹೋದಾಗ ಒಂದು ಯುವಾನ್ ಅಂದರೆ ಸುಮಾರು 12ರಿಂದ 13 ರೂಪಾಯಿ ಇತ್ತು.

ರೂಮಿನ ವಿಷಯದಲ್ಲಿ ನಮಗೊಂದು ಪಾಠವಾಯಿತು. ನಾವು ಮೊದಲು ಕಾದಿರಿಸಿದ್ದ ಚಿಕ್ಕ ಹೋಟೆಲಿನವರು ಪಾಸ್‌ಪೋರ್ಟ್ ನೋಡಿದ ಕೂಡಲೇ ಕೈ ಅಲ್ಲಾಡಿಸಿಬಿಟ್ಟರು. ಹೊರದೇಶದವರನ್ನು ಪೊಲೀಸ್ ದಾಖಲೆಗೆ ಸೇರಿಸುವುದು ಅವರಿಗೆ ಗೊತ್ತಿರಲಿಲ್ಲವೋ, ತಲೆನೋವು ಬೇಡ ಅಂದುಕೊಂಡರೋ. ರಾತ್ರಿ ಹನ್ನೊಂದಕ್ಕೆ ಪೆಟ್ಟಿಗೆ ಎಳೆದುಕೊಂಡು ಬೇರೆ ಹೋಟೆಲ್ ಹುಡುಕಿದೆವು. ಕಾದಿರಿಸಿದ ಮೇಲೆ ಒಂದು ಸಂದೇಶ ಹಾಕಿ, 'ಭಾರತದ ಪಾಸ್‌ಪೋರ್ಟ್ ಆಗುತ್ತಾ?' ಅಂತ ಕೇಳಿ ಉತ್ತರ ತರಿಸಿಕೊಳ್ಳಿ.

ಇನ್ನು ಫೋನು. ಈ ಪ್ರವಾಸದ ಅರ್ಧ ಕೆಲಸ ಮನೆಯಲ್ಲಿ ಕೂತು ಫೋನಿನಲ್ಲಿ ಮಾಡುವಂಥದ್ದು. ಅಲ್ಲಿ ಎಳನೀರಿನಷ್ಟು ಚಿಕ್ಕ ವ್ಯಾಪಾರಕ್ಕೂ ಕ್ಯೂಆರ್ ಕೋಡೇ. ನಮಗೆ ಅದೇನೂ ಹೊಸದಲ್ಲ, ಆದರೆ ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಹಣ ಕೊಡುವ ಅಲ್ಲಿನ ಆಪ್ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ಫೋಟೋ ಕೊಟ್ಟು, ವೀಸಾ ಅಥವಾ ಮಾಸ್ಟರ್ ಕಾರ್ಡ್ ಸೇರಿಸಿ. ಬ್ಯಾಂಕ್ ಆಪ್‌ನಲ್ಲಿ ಕಾರ್ಡಿಗೆ ವಿದೇಶಿ ವಹಿವಾಟು ತೆರೆದಿದೆಯಾ ನೋಡಿ. ಎಷ್ಟೋ ಜನ ಮರೆಯುವುದು ಇದನ್ನೇ. ಒಂದು ಸಲಕ್ಕೆ 200 ಯುವಾನ್ ದಾಟಿದರೆ ಶೇಕಡಾ 3 ಶುಲ್ಕ ಬೀಳುತ್ತದೆ. ವೀಚಾಟ್ ಕೂಡ ಇರಲಿ, ಒಂದು ಕೈಕೊಟ್ಟರೆ ಇನ್ನೊಂದು. ಕೈಯಲ್ಲಿ ಸ್ವಲ್ಪ ನೋಟೂ ಇರಲಿ.

ಗೂಗಲ್, ವಾಟ್ಸಾಪ್ ಹೋಟೆಲಿನ ವೈಫೈಯಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್ಮಿನ ರೋಮಿಂಗ್ ಹಾಕಿಸಿಕೊಂಡರೆ ಎರಡೂ ನಡೆಯುತ್ತವೆ, ಬ್ಯಾಂಕಿನ ಓಟಿಪಿಯೂ ಬರುತ್ತದೆ. ದಾರಿ ತೋರಿಸಲು ಗೂಗಲ್ ಮ್ಯಾಪ್ ನಂಬಬೇಡಿ, ಚೀನಾದ್ದೇ ಆದ ಅಮ್ಯಾಪ್ ಹಾಕಿಕೊಳ್ಳಿ. ಅನುವಾದದ ಆಪ್‌ಗೆ ಚೀನೀ ಭಾಷೆಯನ್ನು ಇಲ್ಲಿಂದಲೇ ಇಳಿಸಿಕೊಂಡು ಹೋಗಿ.

ವೀಸಾ ಮೊದಲೇ ಮಾಡಿಸಲೇಬೇಕು. 2025ರ ಜುಲೈನಿಂದ ಭಾರತೀಯರಿಗೆ ಪ್ರವಾಸಿ ವೀಸಾ ಮತ್ತೆ ಸಿಗುತ್ತಿದೆ. ವೀಸಾ ಇಲ್ಲದೆ 240 ಗಂಟೆ ಇರಬಹುದು ಅಂತ ಯಾರೋ ವಿಡಿಯೋದಲ್ಲಿ ಹೇಳುತ್ತಾರೆ. ಆ ಪಟ್ಟಿಯಲ್ಲಿ ನಮ್ಮ ದೇಶ ಇಲ್ಲ. ನಾವು ಗುವಾಂಗ್‌ಝೌನಲ್ಲಿ ಇಳಿದು ಅಲ್ಲಿಂದ ಒಳನಾಡಿನ ವಿಮಾನ ಹಿಡಿದೆವು. ಅಲ್ಲಿ ನನ್ನ ಪವರ್ ಬ್ಯಾಂಕ್ ಹೋಯಿತು. ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಅನ್ನುವ ಅವರ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. 2025ರ ಜೂನ್ ಕೊನೆಯಿಂದ ಈ ನಿಯಮ ಇದೆ.

ನಾವು ಹೋಗಿದ್ದು ಅಕ್ಟೋಬರ್ ಕೊನೆಯ ವಾರ. ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ಅಕ್ಟೋಬರ್ ಮೊದಲ ವಾರ ಮಾತ್ರ ಬೇಡವೇ ಬೇಡ. ಅದು ಅವರ ರಾಷ್ಟ್ರೀಯ ರಜೆ, ಊರಿಗೆ ಊರೇ ಹೊರಗೆ ಬಂದಿರುತ್ತದೆ. ಮೇ ಮೊದಲ ವಾರವೂ ಹಾಗೇ.

ಮಣ್ಣಿನ ಸೈನಿಕರು ಇರುವುದು ಊರಿನ ಪೂರ್ವಕ್ಕೆ, ಲಿನ್‌ತೊಂಗ್‌ನಲ್ಲಿ. ಸುಮಾರು 35 ಕಿಲೋಮೀಟರ್ ದೂರ. ಮೆಟ್ರೋ 9ನೇ ಮಾರ್ಗದಲ್ಲಿ ಹುವಾಚಿಂಗ್‌ಚಿ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ನಿಲ್ದಾಣದ ಹೊರಗೆ 'ಕಡಿಮೆಗೆ ಬಿಡುತ್ತೇನೆ' ಅಂತ ಹಿಂದೆ ಬೀಳುವವರ ಗಾಡಿ ಹತ್ತಬೇಡಿ. ಮಧ್ಯೆ ಮೂರ್ತಿ ಮಾರುವ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ಟಿಕೆಟ್ 120 ಯುವಾನ್, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮೊದಲೇ ತೆಗೆದುಕೊಳ್ಳಿ. ಒಳಗೆ ಹೋಗಲು ಮೂಲ ಪಾಸ್‌ಪೋರ್ಟೇ ಬೇಕು.

1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು ಇದು. ಅಗೆದಿರುವ ಮೂರು ಗುಂಡಿಗಳಲ್ಲಿ ಎಲ್ಲರೂ ನೇರ 1ನೆಯದಕ್ಕೆ ನುಗ್ಗುತ್ತಾರೆ. ನಾವು 3, 2, 1 ಅಂತ ಹಿಂದಿನಿಂದ ಹೋದೆವು, ಅದೇ ಸರಿ ಅನ್ನಿಸಿತು. 3ನೆಯದು ಚಿಕ್ಕದು, 2ನೆಯದು ಇನ್ನೂ ಬಹುಪಾಲು ಮಣ್ಣಿನೊಳಗೇ ಇದೆ. ಸೈನಿಕರಿಗೆ ಮೂಲದಲ್ಲಿ ಬಣ್ಣ ಬಳಿದಿತ್ತು, ಹೊರಗೆ ತೆಗೆದ ಕೂಡಲೇ ಒಣಗಿ ಉದುರಿಹೋಗುತ್ತದೆ. ಪೂರ್ತಿ ಅಗೆಯದೆ ಇರುವುದಕ್ಕೆ ಅದೂ ಒಂದು ಕಾರಣ. ಕೊನೆಗೆ 1ನೇ ಗುಂಡಿಯ ಬಾಗಿಲಿಗೆ ಬಂದಾಗ ಮೂವರೂ ಸುಮ್ಮನಾದೆವು. 230 ಮೀಟರ್ ಉದ್ದ, 62 ಮೀಟರ್ ಅಗಲ, ಸಾಲು ಸಾಲು ಮುಖಗಳು. ಮುಂದಿನ ಕಟಕಟೆಯಲ್ಲಿ ಫೋಟೋ ತೆಗೆಯುವವರ ತಳ್ಳಾಟ. ಬದಿಯಲ್ಲಿ ಸ್ವಲ್ಪ ಮುಂದೆ ನಡೆದರೆ ಜನ ಕಡಿಮೆ. ಅದೇ ಟಿಕೆಟ್ಟಿನಲ್ಲಿ ಚಕ್ರವರ್ತಿಯ ಸಮಾಧಿ ಇರುವ ಲಿಶಾನ್ ಉದ್ಯಾನಕ್ಕೂ ಹೋಗಬಹುದು, ಪುಕ್ಕಟೆ ಬಸ್ ಇದೆ. ಕಂಚಿನ ರಥಗಳು ಈಗ ಇರುವುದು ಅಲ್ಲಿ, ಬಿಡಬೇಡಿ. ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಕೋಟೆ ಗೋಡೆಗೆ ಸಂಜೆ ಹೋಗಿ. ಮಿಂಗ್ ಕಾಲದ್ದು, ಸುತ್ತಳತೆ 13.7 ಕಿಲೋಮೀಟರ್. ಮೇಲೆ ಲಾರಿ ಓಡುವಷ್ಟು ಅಗಲ. ದಕ್ಷಿಣ ಬಾಗಿಲಿನಲ್ಲಿ ಹತ್ತಿದರೆ ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಪೂರ್ತಿ ಒಂದು ಸುತ್ತು ಹೊಡೆದೆವು. ಹಳೇ ಇಟ್ಟಿಗೆಯ ಮೇಲೆ ಕುಲುಕಿ ಕುಲುಕಿ ಮರುದಿನ ಕೂರುವುದಕ್ಕೂ ಕಷ್ಟವಾಯಿತು, ಆದರೂ ಮತ್ತೆ ಹೋದರೆ ಮತ್ತೆ ಹೊಡೆಯುತ್ತೇನೆ. ಅಮ್ಮ ವಿದ್ಯುತ್ ಗಾಡಿಯಲ್ಲಿ ಆರಾಮಾಗಿ ಹೋಗಿ, ನಮಗಿಂತ ಮೊದಲೇ ಬಂದು ಕೂತಿದ್ದಳು.

ಶಿಯಾನ್ ಇರುವ ಶಾನ್‌ಶಿ ಪ್ರಾಂತ್ಯದ ಇತಿಹಾಸ ಮ್ಯೂಸಿಯಂ ಪುಕ್ಕಟೆ. ಅದಕ್ಕೇ ಟಿಕೆಟ್ ಸಿಗುವುದಿಲ್ಲ. ದಿನಗಳ ಮೊದಲೇ ಕಾದಿರಿಸಬೇಕು, ನಮಗೆ ತಪ್ಪಿಹೋಯಿತು.

ಅಮ್ಮನಿಗೆ ತುಂಬಾ ಹಿಡಿಸಿದ್ದು ದೊಡ್ಡ ಕಾಡುಹೆಬ್ಬಾತಿನ ಪಗೋಡಾ. ಅದರ ಮುಂದೆ ಒಬ್ಬ ಭಿಕ್ಷುವಿನ ಮೂರ್ತಿ ಇದೆ. ಫಲಕದಲ್ಲಿ ಶ್ವಾನ್‌ಜಾಂಗ್ ಅಂತ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಹ್ಯೂಯೆನ್ ತ್ಸಾಂಗ್ ಅಲ್ವೇನೋ ಇವನು? ಪುಲಿಕೇಶಿ ಪಾಠದಲ್ಲಿ ಬರ್ತಾನಲ್ಲ!" ಅಂದಳು. ಹೌದು, ಅವನೇ. ಇಮ್ಮಡಿ ಪುಲಿಕೇಶಿಯ ರಾಜ್ಯದ ಬಗ್ಗೆ, ಹರ್ಷನಿಗೆ ಮಣಿಯದ ಅಲ್ಲಿನ ಜನರ ಬಗ್ಗೆ ಬರೆದವನು. 645ರಲ್ಲಿ ಭಾರತದಿಂದ ಈ ಊರಿಗೆ ವಾಪಸ್ ಬಂದ. ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಈ ಪಗೋಡಾ ಕಟ್ಟಿದರು. ಒಳಗೆ ಹೋಗಲು ಒಂದು ಟಿಕೆಟ್, ಮೇಲೆ ಹತ್ತಲು ಇನ್ನೊಂದು. ಅಮ್ಮ ಎರಡನ್ನೂ ತೆಗೆಸಿ, ಏಳೂ ಅಂತಸ್ತು ಹತ್ತಿದಳು. ಕಾಲುನೋವು ಅವತ್ತು ಎಲ್ಲಿ ಹೋಗಿತ್ತೋ.

ಊಟಕ್ಕೆ ಬರೋಣ. ಡ್ರಮ್ ಗೋಪುರದ ಹಿಂದೆ ಶುರುವಾಗುವ ಮುಸ್ಲಿಂ ಬೀದಿ ಎಲ್ಲರೂ ಹೋಗುವ ಜಾಗ. ಮುಖ್ಯ ಬೀದಿ ಜಾತ್ರೆಯ ಹಾಗೆ, ಬೆಲೆಯೂ ಜಾತ್ರೆಯದ್ದೇ. ಒಂದೆರಡು ಅಡ್ಡರಸ್ತೆ ಒಳಗೆ ಹೋಗಿ, ಊರಿನವರು ಕೂತು ತಿನ್ನುವ ಕಡೆ ಕೂರಿ. ಅಲ್ಲೇ ದೊಡ್ಡ ಮಸೀದಿ ಇದೆ, ಹೊರಗಿನಿಂದ ಚೀನೀ ಗುಡಿಯಂತೆ ಕಾಣುತ್ತದೆ. ಒಳಗಿನ ಅಂಗಳದಲ್ಲಿ ಅರ್ಧ ಗಂಟೆ ಕೂತರೆ ಬೀದಿಯ ಗದ್ದಲ ಮರೆತುಹೋಗುತ್ತದೆ.

ಮಾಂಸ ತಿನ್ನುವವರು ಯಾಂಗ್‌ರೌ ಪಾವ್‌ಮೋ ತಿನ್ನಲೇಬೇಕು. ಗಟ್ಟಿ ರೊಟ್ಟಿಯನ್ನು ನಿಮ್ಮ ಕೈಗೇ ಕೊಡುತ್ತಾರೆ, ಕಡಲೆಕಾಳಿನಷ್ಟು ಸಣ್ಣಗೆ ಮುರಿದು ಬಟ್ಟಲಿಗೆ ಹಾಕಬೇಕು. ಆಮೇಲೆ ಬಟ್ಟಲು ಒಳಗೆ ಹೋಗಿ ಕುರಿಮಾಂಸದ ಸಾರಿನ ಜೊತೆ ಬರುತ್ತದೆ. ನಾನು ಅವಸರದಲ್ಲಿ ದಪ್ಪ ದಪ್ಪ ಮುರಿದಿದ್ದೆ. ಪಕ್ಕದ ಮೇಜಿನ ಅಜ್ಜ ನೋಡಲಾರದೆ ನನ್ನ ಬಟ್ಟಲು ಎಳೆದುಕೊಂಡು ತಾವೇ ಮುರಿಯತೊಡಗಿದರು.

ಸಸ್ಯಾಹಾರಿಗಳಿಗೆ ಈ ಊರು ಅಂದುಕೊಂಡದ್ದಕ್ಕಿಂತ ಸುಲಭ. ಇದು ಗೋಧಿ ಸೀಮೆ. ಲಿಯಾಂಗ್‌ಪಿ ಅಂದರೆ ತಣ್ಣಗಿನ ಅಗಲ ಶಾವಿಗೆ. ಸೌತೆಕಾಯಿ, ಮೊಳಕೆ ಕಾಳು, ವಿನೆಗರ್, ಖಾರದ ಎಣ್ಣೆ ಹಾಕಿ ಕೊಡುತ್ತಾರೆ. ತ್ಸಾಯ್‌ಜಿಯಾಮೋ ಅಂದರೆ ರೊಟ್ಟಿಯೊಳಗೆ ಆಲೂಗಡ್ಡೆ, ತರಕಾರಿ. ಬಿಯಾಂಗ್‌ಬಿಯಾಂಗ್ ಶಾವಿಗೆ ಸೊಂಟದ ಪಟ್ಟಿಯಷ್ಟು ಅಗಲ. ಅದರ ಹೆಸರಿನ ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆ. ಅದನ್ನು ಯೌಪೋ ಅಂತ ಕೇಳಿ ತರಿಸಿ. ಶಾವಿಗೆ ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಇಟ್ಟು, ಮೇಲಿಂದ ಕಾದ ಎಣ್ಣೆ ಚೊರ್ ಅಂತ ಸುರಿಯುತ್ತಾರೆ. ಆ ಸದ್ದಿಗೆ ಅಮ್ಮನ ಮುಖ ಅರಳಿತು. ಒಗ್ಗರಣೆ ತಾನೇ! ಆದರೆ ಮಾಂಸದ ಚೂರು ಮೇಲೆ ಉದುರಿಸುವುದೂ ಉಂಟು. ಹಾಗಾಗಿ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಅಂತ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಬರೀ 'ಸಸ್ಯಾಹಾರಿ' ಅಂದರೆ ಸಾಲದು, ಬಾಯಲ್ಲಿ ಹೇಳಿದರೆ ನಮ್ಮ ಉಚ್ಚಾರ ಅವರಿಗೆ ಅರ್ಥವಾಗುವುದಿಲ್ಲ. ಹೋಟೆಲ್ ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ, ಅವಲಕ್ಕಿ, ಚಟ್ನಿಪುಡಿ ಇದ್ದರೆ ಬೆಳಗಿನ ತಿಂಡಿಯ ಚಿಂತೆ ಇಲ್ಲ. ಸಿಹಿಗೆ ಪರ್ಸಿಮನ್ ಹಣ್ಣಿನ ಕರಿದ ಬಿಲ್ಲೆ, ಕುಡಿಯಲು ಲಿನ್‌ತೊಂಗ್‌ನ ದಾಳಿಂಬೆ ರಸ. ಅಕ್ಟೋಬರಿನಲ್ಲಿ ಎರಡೂ ಹೊಸ ಬೆಳೆಯವು.

ಎರಡನೇ ದಿನವೇ ಅಮ್ಮ ಒಂದು ಕಾಳು ಬಾಯಿಗೆ ಸಿಕ್ಕಿ ನಿಂತುಬಿಟ್ಟಳು. "ಇದು ನಮ್ಮ ಜುಮ್ಮನಕಾಯಿ!" ಹೊನ್ನಾವರದ ಅವಳ ತವರಿನಲ್ಲಿ ಅಡುಗೆಗೆ ಹಾಕುವುದೇ. ನಾಲಿಗೆ ಜುಂ ಅನ್ನುವ ಚೀನೀ ಮಸಾಲೆ ಹುವಾಜಿಯಾವ್ ಅದರ ನೆಂಟ. ಹೊರಡುವ ದಿನ ಕಾಲು ಕಿಲೋ ಕಟ್ಟಿಸಿಕೊಂಡಳು. ನೀವೂ ತರುವುದಾದರೆ ಎರಡು ಕವರ್ ಹಾಕಿ, ಬಟ್ಟೆಯಿಂದ ದೂರ ಇಡಿ. ನನ್ನ ಅಂಗಿಗಳು ಎರಡು ಸಲ ಒಗೆದರೂ ಇನ್ನೂ ಶಿಯಾನ್ ವಾಸನೆ ಹೊಡೆಯುತ್ತಿವೆ.