ದಾಳಿಂಬೆ ಮಾರ್ಷ್‌ಮ್ಯಾಲೋ: ಹಣ್ಣಿನ ನೀರು, ನಮ್ಮೂರಿನ ಪಾಕ

ಸಕ್ಕರೆ ಪಾಕವನ್ನು ಬಡಿದು ಬಡಿದು ಗಾಳಿ ತುಂಬಿಸಿ, ಆ ಗಾಳಿಯನ್ನು ಜೆಲಟಿನ್‌ನಿಂದ ಹಿಡಿದಿಟ್ಟರೆ ಅದೇ ಮಾರ್ಷ್‌ಮ್ಯಾಲೋ. ವೆನಿಲ್ಲಾ ಹಾಕಿ ಮಾಡಿದರೆ ಹೆಚ್ಚು ತಕರಾರಿಲ್ಲ. ಹಣ್ಣು ಹಾಕಿದಾಗಲೇ ಕೆಡೋದು, ಯಾಕಂದ್ರೆ ಹಣ್ಣಿನ ಜೊತೆ ನೀರೂ ಬರುತ್ತೆ. ರಸ ಹೆಚ್ಚು ಹಾಕಿದರೆ ಗಟ್ಟಿಯಾಗಲ್ಲ, ಕಡಿಮೆ ಹಾಕಿದರೆ ಹಣ್ಣಿನ ರುಚಿಯೇ ಇರಲ್ಲ. ಹಾಗಾಗಿ ಮೊದಲ ಕೆಲಸ ರಸವನ್ನು ಕಾಯಿಸಿ ಅರ್ಧಕ್ಕೂ ಕಡಿಮೆ ಮಾಡೋದು. ಎಸೆನ್ಸ್ ಹಾಕೋದಕ್ಕಿಂತ ಈ ಇಪ್ಪತ್ತು ನಿಮಿಷದ ಕೆಲಸ ನೂರು ಪಾಲು ಮೇಲು.

ದಾಳಿಂಬೆಯನ್ನೇ ತಗೊಳ್ಳೋಣ. ಹಿರಿಯೂರು, ಹೊಸದುರ್ಗದ ಕಡೆ ಬೆಳೆಯುವ ಹಣ್ಣು, ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಸುಲಭವಾಗಿ ಸಿಗುತ್ತೆ. ಮಧ್ಯಮ ಗಾತ್ರದ ಮೂರು ಹಣ್ಣು ಬಿಡಿಸಿ, ಕಾಳನ್ನು ಮಿಕ್ಸಿಗೆ ಹಾಕಿ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ. ಒಳಗಿನ ಬೀಜ ಅರೆದುಹೋದರೆ ರಸ ಒಗರಾಗುತ್ತೆ. ತೆಳು ಬಟ್ಟೆಯಲ್ಲಿ ಹಿಂಡಿದರೆ ಸುಮಾರು 250 ಮಿ.ಲೀ. ರಸ ಬರುತ್ತೆ. ಅಗಲ ಬಾಯಿಯ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು 100 ಮಿ.ಲೀ.ಗೆ ಇಳಿಸಿ, ಪೂರ್ತಿ ತಣ್ಣಗೆ ಮಾಡಿ. ಆಗ ಅದರ ಬಣ್ಣ ಕಡುಗೆಂಪು. ಅಷ್ಟು ಗಾಢ ಅಂತ ಹೆದರಬೇಡಿ, ಗಾಳಿ ತುಂಬಿದ ಮೇಲೆ ತಿಳಿ ಗುಲಾಬಿಯಾಗಿ ಉಳಿಯುತ್ತೆ.

ಉಳಿದ ಅಳತೆ ಹೀಗಿದೆ: ಜೆಲಟಿನ್ ಪುಡಿ 20 ಗ್ರಾಂ, ಸಕ್ಕರೆ 300 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 150 ಗ್ರಾಂ, ನೀರು 80 ಮಿ.ಲೀ., ಒಂದು ಚಿಟಿಕೆ ಉಪ್ಪು, ಒಂದು ಚಮಚ ನಿಂಬೆರಸ. ಉದುರಿಸೋಕೆ ಕಾರ್ನ್‌ಫ್ಲೋರ್ ಮತ್ತು ಸಕ್ಕರೆ ಪುಡಿ ಸಮಸಮ, ಒಟ್ಟು ಒಂದು ಬಟ್ಟಲು. ಕಾರ್ನ್‌ಫ್ಲೋರನ್ನು ನಾಲ್ಕೈದು ನಿಮಿಷ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿಕೊಂಡರೆ ಹಸಿ ವಾಸನೆ ಹೋಗುತ್ತೆ. ಗ್ಲೂಕೋಸ್ ಮತ್ತು ಜೆಲಟಿನ್ ಎರಡೂ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಗ್ಲೂಕೋಸ್ ಬಿಡಬೇಡಿ, ಪಾಕ ಮರಳುಗಟ್ಟದಂತೆ ಕಾಯೋದು ಅದೇ. ತೂಕದ ಯಂತ್ರವೂ ಬೇಕು. ಜೆಲಟಿನ್ ವಿಷಯದಲ್ಲಿ ಚಮಚದ ಲೆಕ್ಕ ನಂಬೋ ಹಾಗಿಲ್ಲ.

ತಣ್ಣಗಾದ ರಸವನ್ನು ದೊಡ್ಡ ಸ್ಟೀಲ್ ಬೋಗುಣಿಗೆ ಹಾಕಿ, ಜೆಲಟಿನ್ನನ್ನು ಮೇಲಿಂದ ತೆಳುವಾಗಿ ಉದುರಿಸಿ ಹತ್ತು ನಿಮಿಷ ಬಿಡಿ. ಒಂದೇ ಕಡೆ ಸುರಿದರೆ ಒಳಗೆ ಒಣ ಗಂಟು ಉಳಿದು ಕೊನೆಗೆ ಹಲ್ಲಿಗೆ ಸಿಗುತ್ತೆ. ಬಿಸಿ ರಸಕ್ಕೆ ಹಾಕಿದರೂ ಹಾಗೇ ಗಂಟು.

ಇನ್ನು ಪಾಕ. ಸಕ್ಕರೆ, ಗ್ಲೂಕೋಸ್, ನೀರು, ಉಪ್ಪು ದಪ್ಪ ತಳದ ಪಾತ್ರೆಗೆ ಹಾಕಿ, ಸಕ್ಕರೆ ಕರಗುವವರೆಗೆ ಮಾತ್ರ ಕೈಯಾಡಿಸಿ. ಕುದಿ ಬಂದ ಮೇಲೆ ಸೌಟು ಮುಟ್ಟಿಸಬಾರದು. ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆ ಹರಳನ್ನು ಒದ್ದೆ ಬ್ರಷ್‌ನಿಂದ ಒರೆಸಿ ಇಳಿಸಿ.

ಮಾರ್ಷ್‌ಮ್ಯಾಲೋ ಬರೆದಿರೋ ಕಡೆಯಲ್ಲೆಲ್ಲ 115 ಡಿಗ್ರಿ ಸೆಲ್ಸಿಯಸ್ ಅಂತಿರುತ್ತೆ. ಅದು ಸಮುದ್ರಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಸುಮಾರು 730. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯೋದರಿಂದ, ಇಲ್ಲಿ ನೀರು ಕುದಿಯೋದೇ 98ರ ಆಸುಪಾಸಿನಲ್ಲಿ. ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅನ್ನೋದೇ ಮುಖ್ಯ ಆದ್ದರಿಂದ, ನಮಗೆ 113 ಸಾಕು. 115ಕ್ಕೆ ಹೋದರೆ ಮಾರ್ಷ್‌ಮ್ಯಾಲೋ ಸ್ವಲ್ಪ ಬಿಗಿ ಬರುತ್ತೆ, ಅಗಿಯೋಕೆ ರಬ್ಬರ್ ಥರ. ಸುಲಭದ ದಾರಿ ಅಂದ್ರೆ, ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಇಳಿಬಿಡಿ. ಅದು ಎಷ್ಟು ತೋರಿಸುತ್ತೋ ಅದಕ್ಕೆ 15 ಸೇರಿಸಿ, ಅದೇ ನಿಮ್ಮ ಗುರಿ. ಊರಿನ ಎತ್ತರದ ಜೊತೆ ಥರ್ಮಾಮೀಟರಿನ ದೋಷವೂ ಅದರಲ್ಲೇ ಸರಿಹೋಗುತ್ತೆ.

ಥರ್ಮಾಮೀಟರ್ ಇಲ್ಲದಿದ್ದರೆ ಉಂಡೆ ಪಾಕ ನೋಡಿ. ತಣ್ಣೀರಿನ ತಟ್ಟೆಗೆ ಒಂದು ಹನಿ ಬಿಡಿ. ಬೆರಳಲ್ಲಿ ಕೂಡಿಸಿದರೆ ಉಂಡೆಯಾಗಬೇಕು, ನೀರಿನಿಂದ ತೆಗೆದು ಒತ್ತಿದರೆ ಮೆತ್ತಗೆ ಚಪ್ಪಟೆಯಾಗಬೇಕು. ತಟ್ಟೆಗೆ ಬಿದ್ದಾಗ ಟಣ್ ಅಂದರೆ ಅದು ಶೇಂಗಾ ಚಿಕ್ಕಿಯ ಪಾಕ, ತುಂಬಾ ಮುಂದೆ ಹೋಗಿದೆ. ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿದರೆ ಹಿಂದಕ್ಕೆ ಬರುತ್ತೆ.

ಒಲೆ ಆರಿಸಿ ಒಂದು ನಿಮಿಷ, ಗುಳ್ಳೆ ಅಡಗುವವರೆಗೆ ಬಿಡಿ. ಆಮೇಲೆ ಬೀಟರ್ ಕಡಿಮೆ ವೇಗದಲ್ಲಿ ತಿರುಗಿಸುತ್ತಾ ಬೋಗುಣಿಯ ಅಂಚಿನಿಂದ ಪಾಕವನ್ನು ಸಣ್ಣ ಧಾರೆಯಾಗಿ ಬಿಡಿ. ಬೀಟರಿನ ಕಡ್ಡಿ ಮೇಲೆ ಬಿದ್ದರೆ ಪಾಕ ಎರಚುತ್ತೆ, ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತೆ, ಮಕ್ಕಳನ್ನು ದೂರ ಇಡಿ. ಪೂರ್ತಿ ಹಾಕಿದ ಮೇಲೆ ವೇಗ ಹೆಚ್ಚಿಸಿ ಎಂಟರಿಂದ ಹತ್ತು ನಿಮಿಷ. ಮೊದಲು ಕೆಂಪು ನೊರೆ, ಆಮೇಲೆ ಗುಲಾಬಿ, ಆಮೇಲೆ ಹೊಳೆಯುವ ದಪ್ಪ ಕೆನೆ. ಕಡ್ಡಿ ಎತ್ತಿದಾಗ ರಿಬ್ಬನ್ನಿನಂತೆ ಇಳಿದು, ಮೇಲೆ ಬಿದ್ದ ಗೆರೆ ನಾಲ್ಕೈದು ಸೆಕೆಂಡ್ ಹಾಗೇ ಕಾಣಬೇಕು. ಬೋಗುಣಿಯ ತಳ ಉಗುರುಬೆಚ್ಚಗಿರಬೇಕು. ನಿಂಬೆರಸ ಕೊನೆಯ ನಿಮಿಷದಲ್ಲಿ. ಹುಳಿ ಹೆಚ್ಚಾದರೆ ಜೆಲಟಿನ್ ಬಲ ಕಳೆದುಕೊಳ್ಳುತ್ತೆ, ಅದಕ್ಕೇ ಒಂದೇ ಚಮಚ.

ಬೇಗ ನಿಲ್ಲಿಸಿದರೆ ಟ್ರೇ ತಳದಲ್ಲಿ ಜೆಲ್ಲಿಯಂಥ ಒಂದು ಪದರ ಕೂರುತ್ತೆ. ತಡ ಮಾಡಿದರೆ ಬೋಗುಣಿಯಲ್ಲೇ ಗಟ್ಟಿಯಾಗಿ, ಟ್ರೇಗೆ ಹರಡೋಕೆ ಹೋದಾಗ ಹರಿದುಹೋಗುತ್ತೆ. ನಡುವೆ ಕರೆಂಟ್ ಹೋದರೆ ಬೋಗುಣಿಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿಡಿ. ಕರೆಂಟ್ ಬಂದಮೇಲೆ ಕರಗಿಸಿ ಮತ್ತೆ ಬಡಿಯಬಹುದು, ಏನೂ ನಷ್ಟವಿಲ್ಲ. ಮಿಕ್ಸಿಯಲ್ಲಿ ಮಾತ್ರ ಪ್ರಯತ್ನಿಸಬೇಡಿ. ಅದರ ಬ್ಲೇಡ್ ನೊರೆ ಎಬ್ಬಿಸಲ್ಲ, ಜೊತೆಗೆ ಬಿಸಿ ಪಾಕದ ಹಬೆ ಮುಚ್ಚಳ ಎತ್ತಿ ಎಸೆಯುತ್ತೆ.

20 ಸೆಂ.ಮೀ. ಚೌಕದ ಟ್ರೇಗೆ ಎಣ್ಣೆ ಸವರಿ, ಪುಡಿ ಉದುರಿಸಿ, ಮಿಶ್ರಣ ಸುರಿದು, ಎಣ್ಣೆ ಹಚ್ಚಿದ ಚಮಚದಿಂದ ಮಟ್ಟ ಮಾಡಿ. ಮೇಲೆ ಮತ್ತೆ ಪುಡಿ. ಐದಾರು ಗಂಟೆ ಹೊರಗೇ ಇರಲಿ, ಫ್ರಿಜ್ ಬೇಡ. ಫ್ರಿಜ್ಜಿನಿಂದ ತೆಗೆದ ಕೂಡಲೇ ಮೇಲೆ ನೀರು ಕೂತು ಪುಡಿಯೆಲ್ಲ ಅಂಟಾಗುತ್ತೆ. ಎಣ್ಣೆ ಹಚ್ಚಿದ ಚಾಕುವಿನಿಂದ 36 ತುಂಡು ಮಾಡಿ, ಕತ್ತರಿಸಿದ ಬದಿಗಳಿಗೂ ಪುಡಿ ಹೊರಳಿಸಿ, ಇನ್ನೂ ಎರಡು ಗಂಟೆ ಆರಲು ಬಿಟ್ಟು ಡಬ್ಬಿಗೆ ತುಂಬಿ. ವಾರದವರೆಗೆ ಚೆನ್ನಾಗಿರುತ್ತೆ.

ನಮ್ಮ ಕಡೆಯ ಒಣ ಗಾಳಿ ಈ ಕೆಲಸಕ್ಕೆ ಅನುಕೂಲ. ಆದರೆ ಬೇಸಿಗೆಯ ಮಧ್ಯಾಹ್ನ ಮಾಡಬೇಡಿ, ಆ ಸೆಕೆಗೆ ಜೆಲಟಿನ್ ಸಡಿಲವಾಗುತ್ತೆ. ರಾತ್ರಿ ಸುರಿದು ಬೆಳಿಗ್ಗೆ ಕತ್ತರಿಸಿ. ಮಳೆಗಾಲಕ್ಕೆ ಒಂದು ಪರೀಕ್ಷೆ ಇದೆ. ತಟ್ಟೆಯಲ್ಲಿ ಒಂದು ಹಿಡಿ ಮಂಡಕ್ಕಿ ಅರ್ಧ ಗಂಟೆ ಬಿಡಿ. ಅದು ಮೆತ್ತಗಾದರೆ ಅವತ್ತು ಮಾರ್ಷ್‌ಮ್ಯಾಲೋನೂ ಬೆವರುತ್ತೆ, ಇನ್ನೊಂದು ದಿನ ನೋಡಿ.

ಬೇರೆ ಹಣ್ಣುಗಳಲ್ಲಿ ದ್ರಾಕ್ಷಿ, ಮಾವು ಚೆನ್ನಾಗಿ ಬರುತ್ತವೆ. ಮಾವಿನ ತಿರುಳನ್ನು ಸೋಸಿಕೊಳ್ಳಿ, ನಾರು ಉಳಿದರೆ ನೊರೆ ಕೂತುಬಿಡುತ್ತೆ. ಅನಾನಸ್, ಪಪ್ಪಾಯಿ, ಅಂಜೂರ, ಕಿವಿ ಹಸಿಯಾಗಿ ಹಾಕಲೇಬಾರದು. ಇವುಗಳಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ, ಜೆಲಟಿನ್ನೂ ಪ್ರೋಟೀನೇ ಆದ್ದರಿಂದ ರಾತ್ರಿಯೆಲ್ಲ ಇಟ್ಟರೂ ಗಟ್ಟಿಯಾಗಲ್ಲ. ಚೆನ್ನಾಗಿ ಕುದಿಸಿ ಇಳಿಸಿದ ರಸವಾದರೆ ತೊಂದರೆಯಿಲ್ಲ. ಸೀತಾಫಲ ಬೇಡ, ಕಾಯಿಸಿದರೆ ಕಹಿಯಾಗುತ್ತೆ.

ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರೋದು. ಸಸ್ಯಾಹಾರಿಗಳ ಮನೆಗೆ ಕೊಡುವಾಗ ಮೊದಲೇ ಹೇಳಿಬಿಡಿ. ಅದರ ಬದಲು ಚೈನಾ ಗ್ರಾಸ್ ಹಾಕಿದರಾಯ್ತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಅದೊಂದರಿಂದಲೇ ಆಗಲ್ಲ. ಅದು ಗಟ್ಟಿ ಮಾಡುತ್ತೆ, ನೊರೆ ಹಿಡಿಯಲ್ಲ. ನೊರೆಗೆ ಬೇರೆ ಆಧಾರ ಬೇಕು. ಇದಕ್ಕೆ ಪೆಕ್ಟಿನ್ (ಹಣ್ಣಲ್ಲೇ ಇರುವ, ಜಾಮ್ ಗಟ್ಟಿ ಮಾಡುವ ಅಂಶ) ತುಂಬಿದ ಪೇರಲ ಹಣ್ಣು ಹೇಳಿ ಮಾಡಿಸಿದಂತಿದೆ. ಬೇಯಿಸಿ, ಬೀಜ ಸೋಸಿ, ಸೌಟು ಎಳೆದ ದಾರಿಯಲ್ಲಿ ಪಾತ್ರೆಯ ತಳ ಕಾಣುವಷ್ಟು ಗಟ್ಟಿ ಮಾಡಿದ ತಿರುಳು 125 ಗ್ರಾಂ. ಉಪ್ಪಿಲ್ಲದೆ ಬೇಯಿಸಿದ ಕಾಬೂಲ್ ಕಡಲೆಯ ನೀರನ್ನು ಲೋಳೆಯಾಗುವವರೆಗೆ ಕುದಿಸಿ ತಣಿಸಿದ್ದು 40 ಗ್ರಾಂ. ಎರಡನ್ನೂ 100 ಗ್ರಾಂ ಸಕ್ಕರೆಯೊಂದಿಗೆ ಗಟ್ಟಿ ನೊರೆಯಾಗುವಂತೆ ಬಡಿಯಿರಿ. 4 ಗ್ರಾಂ ಅಗರ್ ಅಗರ್ ಪುಡಿಯನ್ನು (ಚೈನಾ ಗ್ರಾಸ್ ಅಂದರೂ ಇದೇ) 80 ಮಿ.ಲೀ. ನೀರಲ್ಲಿ ಹತ್ತು ನಿಮಿಷ ನೆನೆಸಿ, ಪೂರ್ತಿ ಕರಗುವಂತೆ ಕುದಿಸಿ, 200 ಗ್ರಾಂ ಸಕ್ಕರೆ ಹಾಕಿ, ನೀರು ಕುದಿಯುವ ಬಿಂದುವಿಗಿಂತ 10 ಡಿಗ್ರಿ ಮೇಲಕ್ಕೆ ಕಾಯಿಸಿ ನೊರೆಗೆ ಧಾರೆಯಾಗಿ ಬಿಡಿ. ಅಗರ್ 40 ಡಿಗ್ರಿಯ ಹತ್ತಿರವೇ ಹೆಪ್ಪುಗಟ್ಟುತ್ತೆ, ಆದ್ದರಿಂದ ಟ್ರೇ ಮೊದಲೇ ಸಿದ್ಧವಿರಲಿ. ಒಂದು ದಿನ ಪೂರ್ತಿ ಆರಬೇಕು. ಇದು ಜೆಲಟಿನ್ನಿನದರಂತೆ ಎಳೆದರೆ ಹಿಗ್ಗಲ್ಲ, ಕಚ್ಚಿದರೆ ಮೆತ್ತಗೆ ಮುರಿಯುತ್ತೆ. ಪೇರಲದ ಪರಿಮಳ ಮಾತ್ರ ಇದರಲ್ಲೇ ಹೆಚ್ಚು.